1969ರ ಮಸ್ಟಾಂಗ್‌ನ ಜಾತಕ ಓದುವುದು ಹೇಗೆ: ಬಾಗಿಲ ತಗಡಿನಿಂದ ಕ್ರೌನ್ ಹಲ್ಲಿನವರೆಗೆ

ಎರಡು ಫೋರ್ಡ್ ಮಸ್ಟಾಂಗ್ ಕಾರು ಅಕ್ಕಪಕ್ಕ ನಿಂತಿವೆ. ಎರಡೂ 1969ರ ಮ್ಯಾಕ್ 1, ಅಂದರೆ ಮಸ್ಟಾಂಗ್‌ನ ಸ್ಪೋರ್ಟಿ ಮಾದರಿ. ಎರಡರಲ್ಲೂ 428 ಕ್ಯೂಬಿಕ್ ಇಂಚಿನ ಕೋಬ್ರಾ ಜೆಟ್ ಎಂಜಿನ್. ಫೋರ್ಡ್ ಕಾಗದದ ಪ್ರಕಾರ ಎರಡಕ್ಕೂ 335 ಹಾರ್ಸ್ ಪವರ್. ಕಾರಿನ ನಂಬರಿನಲ್ಲಿ ಎಂಜಿನ್ ಹೇಳುವ ಅಕ್ಷರವೂ ಒಂದೇ. ಆದರೆ ಒಂದರ ಬಾಗಿಲ ತಗಡಿನಲ್ಲಿ ಆಕ್ಸಲ್ ಅನ್ನೋ ಕಡೆ ‘ಎಸ್’ ಇದೆ, ಇನ್ನೊಂದರಲ್ಲಿ ‘ವಿ’ ಇದೆ. ಮೊದಲನೆಯದು ಕೋಬ್ರಾ ಜೆಟ್. ಎರಡನೆಯದು ಸೂಪರ್ ಕೋಬ್ರಾ ಜೆಟ್. ಒಳಗಿನ ಕನೆಕ್ಟಿಂಗ್ ರಾಡೇ ಬೇರೆ, ಕ್ರ್ಯಾಂಕ್ ಶಾಫ್ಟೇ ಬೇರೆ. ಬೆಲೆಯೂ ಬೇರೆ.

ಹಿಂದಿನ ಆಕ್ಸಲ್‌ನ ಅಕ್ಷರ ಮುಂದಿನ ಎಂಜಿನ್‌ನ ಗುಟ್ಟು ಹೇಳುತ್ತದೆ ಅನ್ನೋದು ಮೊದಲ ಸಲ ಗೊತ್ತಾದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಸರಳ. ಚಕ್ರದ ಒಂದು ಸುತ್ತಿಗೆ ಎಂಜಿನ್ ಕಡೆಯಿಂದ ಬರುವ ಶಾಫ್ಟ್ ಎಷ್ಟು ಸುತ್ತಬೇಕು ಅನ್ನೋದೇ ಆಕ್ಸಲ್‌ನ ಅನುಪಾತ. 3.91 ಅಥವಾ 4.30 ಅನುಪಾತದ ಆಕ್ಸಲ್ ಕೇಳುವವರು ಡ್ರ್ಯಾಗ್ ರೇಸಿಗೆ, ಅಂದರೆ ನೇರ ರಸ್ತೆಯ ವೇಗದ ಪಂದ್ಯಕ್ಕೆ ಹೋಗುವವರೇ. ಎಂಜಿನ್ ಜಾಸ್ತಿ ತಿರುಗುತ್ತದೆ, ಮಾಮೂಲಿ ರಾಡ್ ತಡೆಯುವುದಿಲ್ಲ. ಹಾಗಾಗಿ ಆ ಆಕ್ಸಲ್ ಬರೆಸಿದವರ ಕಾರಿಗೆ ಫೋರ್ಡ್ ಗಟ್ಟಿ ಎಂಜಿನ್ನನ್ನೇ ಕೂರಿಸಿ ಕಳಿಸಿತು.

ನಾನಿರುವುದು ಮಿಷಿಗನ್‌ನಲ್ಲಿ. ಈ ಕಾರುಗಳು ಹುಟ್ಟಿದ ಡಿಯರ್‌ಬಾರ್ನ್ ಇಲ್ಲಿಗೆ ಹತ್ತಿರ. ವಾರಾಂತ್ಯ ಬಂತೆಂದರೆ ಯಾರಾದರೂ ಗೆಳೆಯರ ಗ್ಯಾರೇಜಿನಲ್ಲಿ ಕಾರಿನ ಕೆಳಗೆ ಮಲಗಿರುತ್ತೇನೆ. ಇಲ್ಲಿ ಬರೆಯುವ ಕ್ರಮ ಹಾಗೆ ಕಲಿತದ್ದು. ಉದಾಹರಣೆಗೆ 1969ರ ಮಸ್ಟಾಂಗನ್ನೇ ಹಿಡಿದಿದ್ದೇನೆ. ಒಂದು ಕಾರಿನದು ಪೂರ್ತಿ ತಿಳಿದರೆ ಉಳಿದವುಗಳ ದಾರಿಯೂ ಕಾಣುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಾಗಿಲಿನ ಅಕ್ಷರ, ಆಕ್ಸಲ್ ಮೇಲಿನ ಟ್ಯಾಗ್, ಒಳಗಿನ ಗೇರ್ ಹಲ್ಲು: ಇವು ಮೂರು ಬೇರೆ ಬೇರೆ ಕಾಲದ ಮಾತು. ಬಾಗಿಲು ಹೇಳುವುದು ಕಾರು ಹುಟ್ಟಿದಾಗ ಏನಿತ್ತು ಅಂತ. ಟ್ಯಾಗ್ ಹೇಳುವುದು ಆ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಗಂಟು) ಹುಟ್ಟಿದಾಗ ಏನಿತ್ತು ಅಂತ. ಹಲ್ಲು ಹೇಳುವುದು ಇವತ್ತು ಏನಿದೆ ಅಂತ. ಇದನ್ನು ಕಲಸಿಕೊಂಡವರೇ ಮೋಸ ಹೋಗುವುದು.

ಹಂತ 1: ಕಾರಿನ ನಂಬರ್

1969ರ ಮಸ್ಟಾಂಗ್‌ನಲ್ಲಿ ನಂಬರಿನ ಪಟ್ಟಿ ಡ್ಯಾಶ್‌ಬೋರ್ಡ್ ಮೇಲೆ, ಡ್ರೈವರ್ ಬದಿಯಲ್ಲಿದೆ. ಹೊರಗಿನಿಂದಲೇ ಗಾಜಿನ ಮೂಲಕ ಓದಬಹುದು. 1968ರಲ್ಲಿ ಇದು ಪಕ್ಕದ ಸೀಟಿನ ಬದಿಗಿತ್ತು. ಒಟ್ಟು 11 ಅಕ್ಷರ. ನಮ್ಮ ಉದಾಹರಣೆ ಹೀಗಿರಲಿ: 9 – ಎಫ್ – 02 – ಆರ್, ಆಮೇಲೆ ಆರು ಅಂಕೆ.

9 ಅಂದರೆ 1969ರ ಮಾಡೆಲ್. ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ. ಇಲ್ಲಿ ಆರ್ ಇದ್ದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ಟಿ ಇದ್ದರೆ ನ್ಯೂಜೆರ್ಸಿಯ ಮಟಚನ್. 02 ಅಂದರೆ ಹಿಂದೆ ಇಳಿಜಾರಾದ ಫಾಸ್ಟ್‌ಬ್ಯಾಕ್, ಆ ವರ್ಷ ಫೋರ್ಡ್ ಅದಕ್ಕೆ ಸ್ಪೋರ್ಟ್ಸ್‌ರೂಫ್ ಅಂತ ಹೆಸರಿಟ್ಟಿತ್ತು. 01 ಹಾರ್ಡ್‌ಟಾಪ್, 03 ಕನ್ವರ್ಟಿಬಲ್.

ಐದನೇ ಅಕ್ಷರ ಎಂಜಿನ್. ನಮಗೆ ಬೇಕಾದದ್ದು ಎರಡು. ಕ್ಯೂ ಅಂದರೆ 428 ಕೋಬ್ರಾ ಜೆಟ್. ಆರ್ ಅಂದರೆ ಅದೇ ಎಂಜಿನ್, ಜೊತೆಗೆ ರಾಮ್ ಏರ್, ಅಂದರೆ ಹೊರಗಿನ ಗಾಳಿಯನ್ನು ನೇರ ಎಂಜಿನ್‌ಗೆ ಬಿಡುವ ಏರ್ಪಾಟು. ಬಾನೆಟ್ಟಿನ ತೂತಿನಿಂದ ಮೇಲೆ ಬಂದು, ಎಂಜಿನ್ ಜೊತೆಗೇ ನಡುಗುವ ಆ ಕಪ್ಪು ಶೇಕರ್ ಇರುವುದು ಇದರಲ್ಲಿ. ಎಂ ಇದ್ದರೆ ನಾಲ್ಕು ಬ್ಯಾರಲ್ ಕಾರ್ಬ್ಯುರೇಟರಿನ 351, ಎಸ್ ಇದ್ದರೆ 390, ಜಿ ಇದ್ದರೆ ಬಾಸ್ 302, ಝಡ್ ಇದ್ದರೆ ಬಾಸ್ 429. ಎರಡನೇ ಜಾಗದ ಆರ್ ಬೇರೆ, ಐದನೇ ಜಾಗದ ಆರ್ ಬೇರೆ. ಹೊಸಬರು ಇಲ್ಲೇ ಎಡವುತ್ತಾರೆ.

ಕೊನೆಯ ಆರು ಅಂಕೆ ಸರಣಿ ಸಂಖ್ಯೆ. ಪ್ರತಿ ಕಾರ್ಖಾನೆಯಲ್ಲೂ 100001ರಿಂದ ಶುರು. ಇದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ, ಮುಂದೆ ಪದೇ ಪದೇ ಬೇಕಾಗುತ್ತದೆ. ನಂಬರ್ ಬರೀ ಡ್ಯಾಶ್ ಮೇಲಲ್ಲ, ಎಂಜಿನ್ ಕೋಣೆಯ ಪಕ್ಕದ ಒಳತಗಡಿನಲ್ಲೂ ಕೊರೆದಿರುತ್ತದೆ. 1968ರಿಂದ ಈಚಿನ ಕಾರುಗಳ ಎಂಜಿನ್ ಬ್ಲಾಕ್ ಮತ್ತು ಗೇರ್‌ಬಾಕ್ಸ್ ಮೇಲೂ ಅದರ ಒಂದು ಭಾಗ ಇರುತ್ತದೆ. ಇವು ಒಂದಕ್ಕೊಂದು ತಾಳೆಯಾಗದಿದ್ದರೆ ಮುಂದಿನ ಹಂತಕ್ಕೆ ಹೋಗುವ ಮೊದಲೇ ಮಾಲೀಕರನ್ನು ಕೇಳಿ.

ಹಂತ 2: ಬಾಗಿಲ ತಗಡು

ಡ್ರೈವರ್ ಬಾಗಿಲು ತೆಗೆದರೆ ಅಂಚಿನಲ್ಲಿ ಒಂದು ಲೋಹದ ಪಟ್ಟಿ. 1970ರಲ್ಲಿ ಇದರ ಬದಲು ಸ್ಟಿಕ್ಕರ್ ಬಂತು. ಇದರಲ್ಲಿ ಬಾಡಿ, ಬಣ್ಣ, ಒಳಗಿನ ಬಟ್ಟೆ, ತಯಾರಿಸಬೇಕಾದ ದಿನ, ಮಾರಾಟ ಜಿಲ್ಲೆ, ಆಕ್ಸಲ್, ಗೇರ್‌ಬಾಕ್ಸ್ ಎಲ್ಲಕ್ಕೂ ಒಂದೊಂದು ಕೋಡ್.

ಬಾಡಿ ಕಡೆ 63ಸಿ ಇದ್ದರೆ ಮ್ಯಾಕ್ 1. ಬಣ್ಣದ ಕಡೆ ಎ ಇದ್ದರೆ ರೇವನ್ ಬ್ಲ್ಯಾಕ್, ಎಂ ಇದ್ದರೆ ವಿಂಬಲ್ಡನ್ ವೈಟ್, ಟಿ ಇದ್ದರೆ ಕ್ಯಾಂಡಿಆ್ಯಪಲ್ ರೆಡ್. ಬಣ್ಣದ ಜಾಗ ಖಾಲಿ ಇದ್ದರೆ ತಪ್ಪು ಅಂತ ತಿಳಿಯಬೇಡಿ. ಯಾರೋ ವಿಶೇಷ ಬಣ್ಣ ಬರೆಸಿರಬಹುದು.

ದಿನಾಂಕ 15ಸಿ ಅಂತಿದ್ದರೆ ಮಾರ್ಚ್ 15. ತಿಂಗಳಿಗೆ ಒಂದು ಅಕ್ಷರ: ಎ ಜನವರಿ, ಬಿ ಫೆಬ್ರವರಿ, ಹೀಗೆ ಎಚ್ ಆಗಸ್ಟ್‌ವರೆಗೆ. ಅಂಕೆ 1ರ ಹಾಗೆ ಕಾಣುವುದರಿಂದ ‘ಐ’ ಅಕ್ಷರ ಬಿಟ್ಟಿದ್ದಾರೆ. ಹಾಗಾಗಿ ಜೆ ಸೆಪ್ಟೆಂಬರ್, ಕೆ ಅಕ್ಟೋಬರ್, ಎಲ್ ನವೆಂಬರ್, ಎಂ ಡಿಸೆಂಬರ್. 1969ರ ಮಾಡೆಲ್ ತಯಾರಿ ಶುರುವಾದದ್ದು 1968ರ ಆಗಸ್ಟ್‌ನಲ್ಲಿ. ಅಂದರೆ ತಗಡಿನಲ್ಲಿ ‘ಎಲ್’ ಇದ್ದರೆ ಆ ಕಾರು ಕಟ್ಟಿದ್ದು 1968ರ ನವೆಂಬರ್‌ನಲ್ಲಿ. ಇದನ್ನು ನೆನಪಿಡಿ, ನಾಲ್ಕನೇ ಹಂತದಲ್ಲಿ ಬೇಕು.

ಮಾರಾಟ ಜಿಲ್ಲೆಯ ಅಂಕೆ ಕಾರು ಯಾವ ಕಡೆಗೆ ಹೋಯಿತು ಅಂತ ಹೇಳುತ್ತದೆ. 33 ಡೆಟ್ರಾಯಿಟ್, 71 ಲಾಸ್ ಏಂಜಲೀಸ್, 72 ಸ್ಯಾನ್ ಹೋಸೆ. ಗೇರ್‌ಬಾಕ್ಸ್ ಕಡೆ 5 ಮತ್ತು 6 ಅಂದರೆ ನಾಲ್ಕು ಗೇರಿನ ಮ್ಯಾನುಯಲ್. 6ರಲ್ಲಿ ಗೇರ್‌ಗಳ ನಡುವಿನ ಅಂತರ ಕಡಿಮೆ. ಯು ಅಂದರೆ ಸಿ6 ಆಟೋಮ್ಯಾಟಿಕ್.

ಈಗ ಆಕ್ಸಲ್. ನಿಯಮ ಸುಲಭ. ಆ ವರ್ಷ ಅಂಕೆ ಇದ್ದರೆ ಮಾಮೂಲಿ ಡಿಫರೆನ್ಷಿಯಲ್, ಎ, ಬಿ, ಸಿ ಸಾಲಿನ ಕೊನೆಯ ಕಡೆಯ ಅಕ್ಷರಗಳಾದರೆ ಲಾಕ್ ಆಗುವ ಬಗೆ, ಅಂದರೆ ಎರಡೂ ಹಿಂಚಕ್ರ ಒಟ್ಟಿಗೆ ತಿರುಗುವಂತೆ ಹಿಡಿಯುವಂಥದ್ದು. ಉದಾಹರಣೆಗೆ 6 ಅಂದರೆ 3.00, 9 ಅಂದರೆ 3.25. ಲಾಕ್ ಇರುವವು: ಒ ಅಂದರೆ 3.00, ಆರ್ ಅಂದರೆ 3.25, ಎಸ್ ಅಂದರೆ 3.50, ವಿ ಅಂದರೆ 3.91. ಇವೆಲ್ಲ ಟ್ರ್ಯಾಕ್ಷನ್-ಲಾಕ್. ಡಬ್ಲ್ಯೂ ಅಂದರೆ 4.30, ಇದರಲ್ಲಿ ಡೆಟ್ರಾಯಿಟ್ ಲಾಕರ್. ಆದರೆ ಎ ಅಕ್ಷರವಾದರೂ 3.50ರ ಮಾಮೂಲಿ ಆಕ್ಸಲ್. ಅಂಕೆ ಮುಗಿದ ಮೇಲೆ ಮಾಮೂಲಿಗೇ ಮೊದಲ ಕೆಲವು ಅಕ್ಷರ ಬಳಸಿಕೊಂಡಿದ್ದಾರೆ.

ಲೆಕ್ಕ ಇಷ್ಟೇ: ನಂಬರಿನ ಐದನೇ ಜಾಗದಲ್ಲಿ ಕ್ಯೂ ಅಥವಾ ಆರ್, ಬಾಗಿಲಿನಲ್ಲಿ ವಿ ಅಥವಾ ಡಬ್ಲ್ಯೂ. ಎರಡೂ ಸೇರಿದರೆ ಸೂಪರ್ ಕೋಬ್ರಾ ಜೆಟ್. ಬರೀ ವಿ ನೋಡಿ ಹಿಗ್ಗಬೇಡಿ. ಬಾಸ್ 429ಕ್ಕೂ 3.91 ಬರುತ್ತಿತ್ತು, ಬಾಸ್ 302ಕ್ಕೂ ಬೇಕೆಂದವರಿಗೆ ಹಾಕಿಕೊಡುತ್ತಿದ್ದರು.

ಹಂತ 3: ಬಿಲ್ಡ್ ಶೀಟ್ ಹುಡುಕುವುದು

ಬಾಗಿಲ ತಗಡಿನ ತೊಂದರೆ ಏನೆಂದರೆ ಅದನ್ನು ಇವತ್ತೂ ಹೊಸದಾಗಿ ಮಾಡಿಸಬಹುದು, ಬೇಕಾದ ಅಕ್ಷರ ಹೊಡೆಸಬಹುದು. ಅದಕ್ಕೇ ಬಿಲ್ಡ್ ಶೀಟ್‌ಗೆ ಅಷ್ಟು ಬೆಲೆ. ಇದು ಗಿರಾಕಿಗೆ ಕೊಡಲಿಕ್ಕೆ ಮಾಡಿದ ಕಾಗದವಲ್ಲ. ಅಸೆಂಬ್ಲಿ ಲೈನ್‌ನಲ್ಲಿ ನಿಂತ ಕೆಲಸಗಾರನಿಗೆ ಈ ಕಾರಿಗೆ ಯಾವ ಸ್ಪ್ರಿಂಗ್, ಯಾವ ಆಕ್ಸಲ್, ಯಾವ ವೈರಿಂಗ್ ಅಂತ ಹೇಳುವ ಚೀಟಿ. ಕೆಲಸ ಮುಗಿದ ಮೇಲೆ ಅಲ್ಲೇ ಎಲ್ಲೋ ಸೇರಿಹೋಗುತ್ತಿತ್ತು.

ಮೊದಲು ಹಿಂದಿನ ಸೀಟು ನೋಡಿ. ಕೂರುವ ಭಾಗದ ಮುಂದಿನ ಅಂಚನ್ನು ಹಿಂದಕ್ಕೆ ತಳ್ಳಿ ಮೇಲೆತ್ತಿದರೆ ಬರುತ್ತದೆ. ತಿರುಗಿಸಿ ಸ್ಪ್ರಿಂಗ್‌ಗಳ ನಡುವೆ ಟಾರ್ಚ್ ಬಿಡಿ. ಆಮೇಲೆ ಮುಂದಿನ ಸೀಟುಗಳ ಅಡಿ, ಕಾರ್ಪೆಟ್ ಕೆಳಗೆ, ಡ್ಯಾಶ್‌ಬೋರ್ಡ್ ಹಿಂದಿನ ವೈರಿಂಗ್ ಸುತ್ತ. ಅವಸರ ಬೇಡ. ಸಿಕ್ಕರೆ ಕೈಯಿಂದ ಎಳೆಯಲೇಬೇಡಿ.

ನಾನು ಮೊದಲ ಸಲ ಕಂಡ ಶೀಟು ಸ್ಪ್ರಿಂಗಿನ ತಂತಿಗೆ ಅಂಟಿಕೊಂಡಿತ್ತು. ಹುರಿದ ಹಪ್ಪಳದ ಬಣ್ಣ. ಮುಟ್ಟಿದರೆ ಅಂಚು ಪುಡಿಯಾಗುತ್ತಿತ್ತು. ತಂತಿ ಇದ್ದ ಕಡೆಯೆಲ್ಲ ತುಕ್ಕಿನ ಗೆರೆ ಇಳಿದಿತ್ತು. ಇಲಿಗಳು ಒಂದು ಮೂಲೆ ತಿಂದಿದ್ದವು. ಅದನ್ನು ಬಿಡಿಸುವ ಮೊದಲು ಇದ್ದ ಹಾಗೇ ಹತ್ತಾರು ಫೋಟೊ ತೆಗೆದೆವು. ಕಾಗದ ಎಲ್ಲಿ ಸಿಕ್ಕಿತು ಅನ್ನೋದೂ ಸಾಕ್ಷಿಯೇ. ಆಮೇಲೆ ಸ್ಪ್ರಿಂಗನ್ನೇ ನಿಧಾನವಾಗಿ ಬಗ್ಗಿಸಿ, ಕೆಳಗಿನಿಂದ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಜಾರಿಸಿ, ಹಾಳೆಯ ಸಮೇತ ಎತ್ತಿದೆವು. ದೋಸೆ ಎಬ್ಬಿಸುವ ಹಾಗೆ.

ಶೀಟ್ ಕೈಗೆ ಬಂದ ತಕ್ಷಣ ಆಕ್ಸಲ್ ಎಲ್ಲಿದೆ ಅಂತ ಹುಡುಕಲು ಹೋಗಬೇಡಿ. ಮೊದಲು ಜೇಬಿನ ಚೀಟಿ ತೆಗೆದು ಸರಣಿ ಸಂಖ್ಯೆ ತಾಳೆ ನೋಡಿ. ಲೈನ್‌ನಲ್ಲಿ ಒಂದರ ಹಿಂದೆ ಒಂದು ಕಾರು ಬರುತ್ತಿತ್ತು, ಪಕ್ಕದ ಕಾರಿನ ಚೀಟಿ ಈ ಕಾರಿನೊಳಗೆ ಬೀಳುವುದು ಮಾಮೂಲಿ. ಸಂಖ್ಯೆ ಸೇರಿದರೆ ಮಾತ್ರ ಉಳಿದದ್ದು ಓದಿ. ಶೀಟು ಸಣ್ಣ ಸಣ್ಣ ಚೌಕಗಳಾಗಿರುತ್ತದೆ, ಒಂದೊಂದು ಚೌಕಕ್ಕೂ ಒಂದು ಬಿಡಿಭಾಗ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಈ ಮೂರನ್ನು ಮೊದಲು ಗುರುತಿಸಿ ಬಾಗಿಲ ತಗಡಿನ ಜೊತೆ ಹೋಲಿಸಿ. ಆಮೇಲೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್. ಮಸುಕಾದ ಅಕ್ಷರವಿದ್ದರೆ ಫೋನಿನಲ್ಲಿ ಫೋಟೊ ತೆಗೆದು ಕಾಂಟ್ರಾಸ್ಟ್ ಏರಿಸಿ ನೋಡಿ. ಊಹೆ ಮಾಡಿ ಪೆನ್ನಿನಲ್ಲಿ ತಿದ್ದುವುದು ಮಾತ್ರ ಮಹಾ ತಪ್ಪು.

ಹಂತ 4: ಕಾರಿನ ಕೆಳಗೆ

ಈಗ ಬಟ್ಟೆ ಕೊಳೆಯಾಗುವ ಕೆಲಸ. ಕಾರನ್ನು ಜಾಕ್‌ನಿಂದ ಎತ್ತಿ, ಆಕ್ಸಲ್ ಕೆಳಗೆ ಎರಡೂ ಬದಿಗೆ ಸ್ಟ್ಯಾಂಡ್ ಕೊಡಿ. ಮುಂದಿನ ಚಕ್ರಗಳಿಗೆ ಅಡ್ಡ ಕಟ್ಟೆ ಇಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಇನ್ನೊಂದು ಮುಖ್ಯ ಎಚ್ಚರಿಕೆ: ಟ್ರ್ಯಾಕ್ಷನ್-ಲಾಕ್ ಇರುವ ಕಾರಿನ ಒಂದೇ ಹಿಂಚಕ್ರ ಎತ್ತಿ ಎಂಜಿನ್ ಓಡಿಸಿ ಗೇರ್ ಹಾಕಿದರೆ, ನೆಲದ ಮೇಲಿರುವ ಚಕ್ರ ಕಾರನ್ನು ಜಾಕ್‌ನಿಂದ ಕೆಡವಿಬಿಡುತ್ತದೆ. ಇಲ್ಲಿ ಎಂಜಿನ್ ಬೇಡವೇ ಬೇಡ. ಕೈಯಲ್ಲೇ ಎಲ್ಲ ಆಗುತ್ತದೆ.

428 ಕಾರುಗಳಲ್ಲಿ ಇರುವುದು ಫೋರ್ಡ್‌ನ 9 ಇಂಚಿನ ಆಕ್ಸಲ್. ಒಳಗಿನ ದೊಡ್ಡ ಹಲ್ಲುಚಕ್ರದ, ಅಂದರೆ ಕ್ರೌನ್‌ನ ಅಡ್ಡಳತೆ 9 ಇಂಚು, ಅದಕ್ಕೇ ಆ ಹೆಸರು. ಇದರ ಡಿಫರೆನ್ಷಿಯಲ್ ಇಡಿಯಾಗಿ ಮುಂದಕ್ಕೆ ಕಳಚಿ ಬರುತ್ತದೆ. ಅದನ್ನು ಹಿಡಿದಿರುವ ಬೋಲ್ಟ್‌ಗಳಲ್ಲಿ ಒಂದಕ್ಕೆ ಸಣ್ಣ ತಗಡಿನ ಟ್ಯಾಗ್ ಸಿಕ್ಕಿಸಿರುತ್ತಾರೆ, ಬೆರಳಿನಷ್ಟು ಅಗಲ. ಐವತ್ತು ವರ್ಷದ ಗ್ರೀಸು, ಮಣ್ಣು ಕೂತಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಕೆರೆಯಬೇಡಿ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಹದಿನೈದು ನಿಮಿಷ ಸುತ್ತಿಡಿ, ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್. ಓದಲು ಆಗದಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜುತ್ತಿದ್ದೆವಲ್ಲ, ಹಾಗೇ.

ಮೇಲಿನ ಸಾಲಿನಲ್ಲಿ ಸಾಮಾನ್ಯವಾಗಿ ‘ಡಬ್ಲ್ಯೂ’ದಿಂದ ಶುರುವಾಗುವ ಕೋಡ್. ಕೆಳಗೆ ಅನುಪಾತ. ಅಂಕೆಗಳ ನಡುವೆ ‘ಎಲ್’ ಇದ್ದರೆ ಲಾಕ್ ಇದೆ ಅಂತ: 3ಎಲ್91 ಅಂದರೆ ಲಾಕ್ ಇರುವ 3.91, 3ಎಲ್50 ಅಂದರೆ ಲಾಕ್ ಇರುವ 3.50. ಅದರ ಪಕ್ಕದ 9 ಕ್ರೌನ್‌ನ ಅಳತೆ. ಆಮೇಲೆ ದಿನಾಂಕ: ವರ್ಷದ ಅಂಕೆ, ತಿಂಗಳ ಅಕ್ಷರ, ವಾರದ ಅಕ್ಷರ. 9ಬಿಸಿ ಅಂದರೆ 1969, ಫೆಬ್ರವರಿ, ಮೂರನೇ ವಾರ.

ಬಾಗಿಲಿನಲ್ಲಿ 15ಸಿ, ಅಂದರೆ ಮಾರ್ಚ್ 15 ಇದ್ದು, ಟ್ಯಾಗ್‌ನಲ್ಲಿ 9ಬಿಸಿ ಇದ್ದರೆ ಒಪ್ಪಬಹುದು. ಆಕ್ಸಲ್ ಮೊದಲು, ಕಾರು ಆಮೇಲೆ. ಟ್ಯಾಗ್‌ನಲ್ಲಿ 9ಇಎ ಇದ್ದರೆ ಅದು ಮೇ ತಿಂಗಳದ್ದು, ಮಾರ್ಚ್ ಕಾರಿಗೆ ಹುಟ್ಟಿನಿಂದ ಬಂದಿರಲು ಸಾಧ್ಯವಿಲ್ಲ. ಇನ್ನು 1968ರ ನವೆಂಬರ್‌ನಲ್ಲಿ ಕಟ್ಟಿದ 1969ರ ಕಾರಿನ ಟ್ಯಾಗ್ 8ರಿಂದಲೇ ಶುರುವಾಗಬೇಕು. ‘69ರ ಕಾರಿಗೆ 68ರ ಆಕ್ಸಲ್ ಹಾಕಿದ್ದಾರೆ’ ಅಂತ ಸರಿಯಾದ ಕಾರನ್ನೇ ಬಿಟ್ಟು ಬಂದವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಹಂತ 5: ಹಲ್ಲು ಎಣಿಸುವುದು

ಟ್ಯಾಗ್ ಬಿಚ್ಚಿ ಇನ್ನೊಂದಕ್ಕೆ ಹಾಕಲು ಒಂದು ಬೋಲ್ಟ್ ಸಾಕು. ಹಾಗಾಗಿ ಒಳಗೆ ಈಗ ಏನಿದೆ ಅಂತ ತಿರುಗಿಸಿಯೇ ನೋಡಬೇಕು.

ಎರಡೂ ಹಿಂಚಕ್ರ ಗಾಳಿಯಲ್ಲಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಬಿಟ್ಟಿರಲಿ. ಟೈರಿನ ಮೇಲೂ ಪ್ರೊಪೆಲ್ಲರ್ ಶಾಫ್ಟ್ ಮೇಲೂ ಸೀಮೆಸುಣ್ಣದ ಗುರುತು ಹಾಕಿ. ಒಂದು ಚಕ್ರ ತಿರುಗಿಸಿ. ಇನ್ನೊಂದು ಅದೇ ದಿಕ್ಕಿಗೆ ತಿರುಗಿದರೆ ಲಾಕ್ ಕೆಲಸ ಮಾಡುತ್ತಿದೆ. ಚಕ್ರ ಒಂದು ಪೂರ್ತಿ ಸುತ್ತು ಬರುವಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತಿತು ಅನ್ನೋದೇ ಅನುಪಾತ. ನಾಲ್ಕಕ್ಕೆ ಒಂದು ಚೂರು ಕಡಿಮೆಯಾದರೆ 3.91, ಮೂರೂವರೆಯಾದರೆ 3.50.

ಇನ್ನೊಂದು ಚಕ್ರ ಹಿಂದಕ್ಕೆ ತಿರುಗಿದರೆ ಮಾಮೂಲಿ ಡಿಫರೆನ್ಷಿಯಲ್. ಆಗ ಒಂದು ಚಕ್ರವನ್ನು ಅಲುಗದಂತೆ ಹಿಡಿದು, ಇನ್ನೊಂದನ್ನು ಎರಡು ಸುತ್ತು ತಿರುಗಿಸಿ ಶಾಫ್ಟ್ ಎಣಿಸಿ. ಸವೆದುಹೋದ ಟ್ರ್ಯಾಕ್ಷನ್-ಲಾಕ್ ಕೂಡ ಹೀಗೆ ಹಿಂದಕ್ಕೆ ತಿರುಗಬಹುದು, ಅದನ್ನೂ ಮನಸ್ಸಿನಲ್ಲಿಡಿ.

ಡಿಫರೆನ್ಷಿಯಲ್ ಕಳಚುವ ಸಂದರ್ಭ ಬಂದರೆ ಹಲ್ಲನ್ನೇ ಎಣಿಸಿಬಿಡಿ. ಊರಿನ ಲಾರಿ ಮೆಕ್ಯಾನಿಕ್‌ಗಳು ಅನುಪಾತ ಹೇಳುವುದೇ ಕ್ರೌನ್ ಪಿನಿಯನ್ ಹಲ್ಲಿನ ಲೆಕ್ಕದಲ್ಲಿ ಅಲ್ವಾ? ಇಲ್ಲೂ ಅದೇ ಗಟ್ಟಿ ಲೆಕ್ಕ. ಕ್ರೌನ್‌ಗೆ 43, ಅದನ್ನು ತಿರುಗಿಸುವ ಸಣ್ಣ ಪಿನಿಯನ್‌ಗೆ 11 ಹಲ್ಲು ಇದ್ದರೆ 3.91. 43ಕ್ಕೆ 10 ಆದರೆ 4.30. 35ಕ್ಕೆ 10 ಆದರೆ 3.50, 39ಕ್ಕೆ 12 ಆದರೆ 3.25, 39ಕ್ಕೆ 13 ಆದರೆ 3.00. ಹೊರಗಿನ ಎರಕದ ಮೇಲೆ ದೊಡ್ಡ ‘ಎನ್’ ಅಕ್ಷರ ಇದೆಯಾ ನೋಡಿ. ಅದು ಗಟ್ಟಿ ಬಗೆಯ ಎರಕದ ಗುರುತು. 428ಕ್ಕೆ ಅದೂ, 31 ಸ್ಪ್ಲೈನ್‌ನ, ಅಂದರೆ ತುದಿಯಲ್ಲಿ 31 ಗೀರು ಹಲ್ಲಿರುವ ಆಕ್ಸಲ್ ಶಾಫ್ಟೂ ಇರಬೇಕು.

ಬಾಗಿಲಿನಲ್ಲಿ ವಿ, ಒಳಗೆ 3.00 ಸಿಕ್ಕರೆ ಎದೆಗುಂದಬೇಡಿ. 26 ಇಂಚಿನ ಟೈರಿನಲ್ಲಿ ಗಂಟೆಗೆ 60 ಮೈಲಿ ಓಡಿಸಿದರೆ 3.91ರ ಕಾರಿನ ಎಂಜಿನ್ ನಾಲ್ಕನೇ ಗೇರಿನಲ್ಲೂ ಸುಮಾರು 3,000 ಸುತ್ತು ತಿರುಗುತ್ತದೆ. 3.00ರಲ್ಲಿ 2,300 ಸಾಕು. ಹೆದ್ದಾರಿಯಲ್ಲಿ ದಿನಾ ಓಡಾಡಿದ ಯಾವುದೋ ಮಾಲೀಕ ಸದ್ದು, ಪೆಟ್ರೋಲು ತಾಳಲಾರದೆ ಬದಲಿಸಿರುತ್ತಾನೆ. ಆ ಕಾರು ಈಗಲೂ ಸೂಪರ್ ಕೋಬ್ರಾ ಜೆಟ್ಟೇ. ಉಲ್ಟಾ ಆದರೆ ಹಾಗಲ್ಲ. ಬಾಗಿಲಿನಲ್ಲಿ ಎಸ್ ಇದ್ದು ಒಳಗೆ 3.91 ಕೂರಿಸಿದರೆ ಅದು ಗೇರ್ ಬದಲಿಸಿದ ಕೋಬ್ರಾ ಜೆಟ್, ಅಷ್ಟೇ.

ಹಂತ 6: ಎಂಜಿನ್ ಒಪ್ಪುತ್ತದಾ?

ಬಾನೆಟ್ ಎತ್ತಿ ರೇಡಿಯೇಟರ್ ಮುಂದೆ ನೋಡಿ. ಸೂಪರ್ ಕೋಬ್ರಾ ಜೆಟ್‌ಗೆ ಅಲ್ಲಿ ಎಂಜಿನ್ ಆಯಿಲ್ ಕೂಲರ್ ಇರುತ್ತದೆ, ಆಯಿಲ್ ಫಿಲ್ಟರ್ ಕಡೆಯಿಂದ ಪೈಪ್ ಬಂದಿರುತ್ತದೆ. ಕೂಲರ್ ಹೋಗಿದ್ದರೆ ಅದನ್ನು ಕೂರಿಸಿದ್ದ ಗುರುತಾದರೂ ಹುಡುಕಿ. ಎಂಜಿನ್ ಬಿಚ್ಚಿದರೆ ಕ್ರ್ಯಾಂಕ್ ಮೇಲೆ 1ಯುಎ ಅಥವಾ 1ಯುಬಿ ಎರಕದ ಗುರುತು, ಕ್ರ್ಯಾಂಕ್‌ನ ಮುಂದಿನ ತುದಿಯಲ್ಲಿ ಕೊಡಲಿ ಆಕಾರದ ಹೆಚ್ಚುವರಿ ತೂಕ, ನಟ್ ಇಲ್ಲದೆ ಬರೀ ಸ್ಕ್ರೂ ಬೋಲ್ಟ್‌ನಿಂದ ಬಿಗಿಯುವ 427 ಲೆ ಮಾನ್ಸ್ ಬಗೆಯ ರಾಡ್ ಸಿಗಬೇಕು. ಮಾಮೂಲಿ ಕೋಬ್ರಾ ಜೆಟ್‌ನ ಕ್ರ್ಯಾಂಕ್ ಮೇಲೆ ಬರೀ 1ಯು.

ಹಂತ 7: ಕೊನೆಯ ಸಾಕ್ಷಿ

ಫೋರ್ಡ್ ಕಾರು ಹಿಡಿದವರ ಪುಣ್ಯ ಇದು. 1967ರಿಂದ ಈಚಿನ ಕಾರುಗಳ ಕಾರ್ಖಾನೆ ದಾಖಲೆ ಉಳಿದಿದೆ. ಕೆವಿನ್ ಮಾರ್ಟಿ ಅನ್ನುವವರು ಫೋರ್ಡ್‌ನಿಂದ ಅದರ ಹಕ್ಕು ಪಡೆದು, ಕಾರಿನ ನಂಬರ್ ಕೊಟ್ಟರೆ ವರದಿ ಕೊಡುತ್ತಾರೆ. ಎಲ್ಲರೂ ಮಾರ್ಟಿ ರಿಪೋರ್ಟ್ ಅಂತಲೇ ಕರೆಯುತ್ತಾರೆ. ಅದರಲ್ಲಿ ಕಾರು ಹುಟ್ಟಿದಾಗಿನ ಆಕ್ಸಲ್ ಇರುತ್ತದೆ. ಹಣ ಕೊಡುವ ಮೊದಲು ಇದನ್ನು ತರಿಸಿಕೊಳ್ಳಿ, ಆಮೇಲಲ್ಲ.

ಮಂಗಳೂರಿನ ನನ್ನ ಗೆಳೆಯನೊಬ್ಬ ಒಂದು ಮ್ಯಾಕ್ 1 ನೋಡಲು ಕರೆದುಕೊಂಡು ಹೋಗಿದ್ದ. ನಂಬರಿನಲ್ಲಿ ಆರ್. ಬಾಗಿಲಿನಲ್ಲಿ ವಿ. ಶಾಫ್ಟ್ ಎಣಿಸಿದರೆ ನಾಲ್ಕಕ್ಕೆ ಚೂರು ಕಡಿಮೆ. ಗೆಳೆಯನ ಮುಖ ಅರಳಿತ್ತು. ಆಯಿಲ್ ಕೂಲರ್ ಮಾತ್ರ ಇರಲಿಲ್ಲ, ‘ಸೋರುತ್ತಿತ್ತು, ತೆಗೆಸಿದೆ’ ಅಂದರು ಮಾರುವವರು. ಮುಂದಿನ ತಗಡಿನಲ್ಲಿ ಕೂಲರ್ ಕೂತಿದ್ದ ಗುರುತೇ ಇಲ್ಲ. ಬಾಗಿಲಿಗೆಲ್ಲ ಹಳೇ ಬಣ್ಣ, ಪಟ್ಟಿಯ ರಿವೆಟ್ ಮಾತ್ರ ಹೊಳೆಯುತ್ತಿತ್ತು. ಸೀಟಿನಡಿ ಸಿಕ್ಕ ಶೀಟಿನ ಕೊನೆಯ ಅಂಕೆಗಳು ಬೇರೆ ಕಾರಿನವು. ‘ಮಾರಾಯ, ಎರಡು ದಿನ ಕಾಯುವ’ ಅಂದ ಗೆಳೆಯ. ವರದಿ ಬಂತು: ಎಸ್, 3.50. ಕಾರು ಒಳ್ಳೆಯದೇ ಇತ್ತು. ಕೋಬ್ರಾ ಜೆಟ್‌ನ ಬೆಲೆಗೆ ಕೇಳಿದ, ಅವರು ಒಪ್ಪಲಿಲ್ಲ, ಬಿಟ್ಟು ಬಂದೆವು.

ಬೇರೆ ಕಂಪನಿಯ ಕಾರಾದರೆ

1970ರ ಟೊರಿನೊದ 429 ಕೋಬ್ರಾ ಜೆಟ್‌ಗೂ ಇದೇ ನಿಯಮ, ಎಂಜಿನ್ ಅಕ್ಷರ ಮಾತ್ರ ಸಿ ಅಥವಾ ಜೆ. ಕ್ರೈಸ್ಲರ್ ಕಾರುಗಳಲ್ಲಿ ಬಾನೆಟ್ ಒಳಗೆ ಫೆಂಡರ್ ಟ್ಯಾಗ್ ಇರುತ್ತದೆ, ಅದನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು. ಎ33 ಇದ್ದರೆ 3.54ರ ಡಾನಾ ಆಕ್ಸಲ್, ಎ34 ಇದ್ದರೆ 4.10ರದು. ಶೆವ್ರೊಲೆಯಲ್ಲಿ ಆಕ್ಸಲ್ ಕೋಡನ್ನು ಬಲಗಡೆಯ ಕೊಳವೆಯ ಮೇಲೇ ಹೊಡೆದಿರುತ್ತಾರೆ, ಶೀಟು ಬಹಳ ಸಲ ಪೆಟ್ರೋಲ್ ಟ್ಯಾಂಕಿನ ಮೇಲೆ ಸಿಗುತ್ತದೆ. ಅಮೆರಿಕದ ಶೆವ್ರೊಲೆಗಳಿಗೆ ಮಾರ್ಟಿ ರಿಪೋರ್ಟ್‌ನಂಥದ್ದು ಇಲ್ಲ. ಹಾಗಾಗಿ ಅಲ್ಲಿ ಟ್ಯಾಂಕ್ ಇಳಿಸುವ ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ಪಾಂಟಿಯಾಕ್‌ನ ದಾಖಲೆ ಮಾತ್ರ ಉಳಿದಿದೆ, ಪಿಎಚ್‌ಎಸ್ ಅನ್ನುವ ಸಂಸ್ಥೆಯಿಂದ ತರಿಸಿಕೊಳ್ಳಬಹುದು.

ಸಿಕ್ಕ ಶೀಟನ್ನು ಲ್ಯಾಮಿನೇಟ್ ಮಾಡಿಸಬೇಡಿ, ಬಿಸಿಗೆ ಮಸಿ ಕಪ್ಪಾಗಬಹುದು, ಆಮೇಲೆ ಬಿಡಿಸಲೂ ಆಗುವುದಿಲ್ಲ. ಎರಡೂ ಬದಿ ಸ್ಕ್ಯಾನ್ ಮಾಡಿ, ಆಸಿಡ್ ಇಲ್ಲದ ಕಾಗದದ ನಡುವೆ ಚಪ್ಪಟೆಯಾಗಿ, ಬಿಸಿಲು ತಾಗದ ಕಡೆ ಇಡಿ. ಕಾರಿನೊಳಗೆ ಬೇಡ. ಟ್ಯಾಗನ್ನು ಮಾತ್ರ ಫೋಟೊ ತೆಗೆದ ಮೇಲೆ ಅದೇ ಬೋಲ್ಟ್‌ಗೆ ಮತ್ತೆ ಸಿಕ್ಕಿಸಿ.